ಕೈ ಮಾತ್ರ

ಮೂವತ್ತೆಂಟು ಕಾಪಿಪುಸ್ತಕಗಳಲ್ಲಿ ಹನ್ನೊಂದನ್ನು ತಿದ್ದಿ, ಹನ್ನೆರಡನೆಯದನ್ನು ತೆರೆದಿಟ್ಟುಕೊಂಡು ವಿನಿಫ್ರೆಡ್ ಎಷ್ಟು ಹೊತ್ತಿನಿಂದ ಕೂತಿದ್ದಳೋ ಅವಳಿಗೇ ತಿಳಿಯದು. ಪೆನ್ನಿನ ಮೂತಿಯಲ್ಲಿ ಕೆಂಪು ಶಾಯಿ ಒಣಗಿ ಗಟ್ಟಿಯಾಗಿತ್ತು. ವಸಂತದಲ್ಲಿ ಹಕ್ಕಿಗಳು ಮರಳುತ್ತವೆ ಎಂದು ಯಾವುದೋ ಮಗು ಇಪ್ಪತ್ತು ಸಲ ಬರೆದಿತ್ತು. ಹದಿನೈದನೆಯ ಸಾಲಿಗೆ ಬರುವಷ್ಟರಲ್ಲಿ ಹಕ್ಕಿಗಳು ಗೆರೆ ಬಿಟ್ಟು ಕೆಳಗಿಳಿದಿದ್ದವು. ಕಿಟಕಿಯಾಚೆ ಒಂಬತ್ತನೇ ಅವೆನ್ಯೂದ ಕಂಬಗಳ ಮೇಲಿನ ಹಳಿಯಲ್ಲಿ ರೈಲು ಹೋಯಿತು, ಕಪಾಟಿನ ಬಸಿಗಳು ಒಂದಕ್ಕೊಂದು ತಾಗಿ ಸದ್ದು ಮಾಡಿ ಸುಮ್ಮನಾದವು. ಮೂರು ಗಂಟೆ. ಶನಿವಾರ ಅಮ್ಮ ಇಪ್ಪತ್ಮೂರನೇ ಬೀದಿಯ ಕಟ್ಟಡದ ಮೆಟ್ಟಿಲುಗಳನ್ನೆಲ್ಲ ಉಜ್ಜುತ್ತಾಳೆ. ಎಲ್ಲ ಮುಗಿದ ಮೇಲೆ, ಮೇಲಂತಸ್ತಿನಲ್ಲಿ ಚಿತ್ರ ಬರೆಯುವ ಹಾಲ್‌ಸ್ಟೆಡ್‌ನ ಕೋಣೆ. ಈಗ ಅಲ್ಲೇ ಇರಬೇಕು. ಬಕೆಟ್ ಕೆಳಗಿಟ್ಟಿರಬೇಕು. ಬಾಗಿಲ ಬಳಿ ಮೊಣಕಾಲೂರುವ ಮುಂಚೆ ಒಂದು ಸಲ ತಲೆಯೆತ್ತಿ, ತನ್ನ ಚಿತ್ರ ನಿಂತಿದ್ದ ಕಡೆ ನೋಡಿರಬೇಕು. ಅಲ್ಲಿಗೆ ಬಂದು ವಿನಿಫ್ರೆಡ್‌ಳ ಯೋಚನೆ ಪ್ರತಿ ಸಲವೂ ಬಿಸಿ ಪಾತ್ರೆ ಮುಟ್ಟಿದ ಹಾಗೆ ಹಿಂದೆ ಸರಿಯುತ್ತಿತ್ತು. ಹಾಲ್‌ಸ್ಟೆಡ್ ಹೇಳಿಬಿಟ್ಟಿರುತ್ತಾನೆ. ಶನಿವಾರ ನಾನೇ ಹೇಳ್ತೀನಿ ಅಂದಿದ್ದ. ಗುರುವಾರ ಸಂಜೆ ಮನೆಗೆ ಬಂದವಳು ಅಮ್ಮನಿಗೆ ತಾನೇ ಮೊದಲು ಹೇಳಿಬಿಡಬೇಕೆಂದುಕೊಂಡಳು, ಹೇಳಲಿಲ್ಲ. ಶುಕ್ರವಾರ ಮೀನು ಬೇಯುತ್ತಿದ್ದಾಗ ಬಾಯಿ ತೆರೆದಳು. ಉಪ್ಪು ಕಡಿಮೆಯಾಗಿದೆ ಅಂದಳು. ಇವತ್ತು ಬೆಳಿಗ್ಗೆ ಅಮ್ಮ ಟೋಪಿಗೆ ಪಿನ್ನು ಚುಚ್ಚಿಕೊಳ್ಳುತ್ತ, "ಇವತ್ತು ಇನ್ನೊಂದ್ಸಲ ಚೆನ್ನಾಗಿ ನೋಡ್ಕೊಂಡ್ ಬರ್ತೀನಿ ಕಣೇ, ಆಮೇಲೆ ಚೌಕಟ್ಟು ಹಾಕೋಕೆ ತಗೊಂಡು ಹೋಗ್ತಾರಂತೆ" ಎಂದಾಗ, "ಹೂಂ" ಅಂದಳು.

ಹಾಲ್‌ಸ್ಟೆಡ್ ಅಮ್ಮನನ್ನು ಕೂರಲು ಕೇಳಿದ್ದು ಹೋದ ವಾರ. ನೆಲ ಉಜ್ಜುತ್ತ ಉಜ್ಜುತ್ತ ಅವಳು ಕಿಟಕಿಯ ಕೆಳಗೆ ಹಿಮ್ಮಡಿಯ ಮೇಲೆ ಕೂತು ಉಸಿರು ತಗೊಳ್ಳುತ್ತಿದ್ದಳಂತೆ. ಅವನು ಅಲ್ಲಾಡಬೇಡಿ ಅಂದನಂತೆ. ಇವಳು ಇಲಿ ಬಂತೋ ಏನೋ ಎಂದು ಎದ್ದೇಬಿಟ್ಟಳಂತೆ. ಸೋಮವಾರ ಬೆಳಿಗ್ಗೆ ಅಮ್ಮ ಕೂರಲು ಹೋದದ್ದು ಅಪ್ಪನ ಸಾವಿಗೆ ಹೊಲಿಸಿದ ಕರಿ ಉಡುಪಿನಲ್ಲಿ, ಚೆರ್ರಿಹಣ್ಣಿನ ಟೋಪಿಯಲ್ಲಿ. ಅವನು ಟೋಪಿ ತೆಗೆಸಿದ. ಕರಿ ಉಡುಪಿನ ಮೇಲೆ ದಿನದ ಏಪ್ರನ್ ಕಟ್ಟಿಕೊಳ್ಳಿ, ತೋಳು ಮಡಿಚಿಕೊಳ್ಳಿ, ಕೈಯನ್ನು ಮಂಡಿಯ ಮೇಲೆ ಸುಮ್ಮನೆ ಇಡಿ ಅಂದ. ಎರಡು ಬೆಳಿಗ್ಗೆ ಕೂತಳು. ಮಂಗಳವಾರ ಮನೆಗೆ ಬಂದಾಗ ಅಮ್ಮನ ಮುಖದಲ್ಲಿ ವಿನಿಫ್ರೆಡ್ ಯಾವತ್ತೂ ಕಾಣದ ಒಂದು ಪೋಕರಿತನವಿತ್ತು.

"ಮೂವತ್ತು ವರ್ಷ ಆಯ್ತು ಈ ಊರಿಗೆ ಬಂದು. ಮೊದಲನೇ ಸಲ ಕಣೇ ವಿನಿ, ಕೂತಿದ್ದಕ್ಕೆ ಕಾಸು ಕೊಟ್ರು!"

"ಸಾಕು ಸುಮ್ನಿರಮ್ಮ, ಕೆಳಗಿನೋರಿಗೆ ಕೇಳಿಸತ್ತೆ."

"ಕೇಳಿಸ್ಲಿ ಬಿಡು. ಆ ಬಣ್ಣದಯ್ಯ ಹೆಂಗೆ ನೋಡ್ತಾನೆ ಗೊತ್ತಾ? ಕಟುಕ ಮಾಂಸ ನೋಡ್ದಂಗೆ ನೋಡ್ತಾನೆ, ಆಮೇಲೆ ಬ್ರಷ್ಷಲ್ಲಿ ಫಟ್ ಅಂತ ಒಂದೇಟು. ಮುಗೀತು, ಮೂಗು! ಮೊದ್ಲು ನಾನು ಹೆದರ್ಕೊಂಡೆ. ಮುಗಿದ್ಮೇಲೆ ಬಂದು ನೋಡಿ ಅಂದ. ನೋಡಿದ್ರೆ..." ಅಮ್ಮ ತನ್ನೆರಡು ಕೈಗಳನ್ನು ದೀಪದ ಕೆಳಗೆ ಚಾಚಿ, ಅಂಗೈ ಮುಂಗೈ ತಿರುಗಿಸಿ ನೋಡಿದಳು. ಒಗೆಯುವ ಸೋಡಾದ ನೀರಿಗೆ ಬಿರಿದು ಬಿರಿದು ಕೆಂಪಾದ ಕೈ, ಗಂಟುಗಟ್ಟಿದ ಗೆಣ್ಣು, ಮಾಂಸದಲ್ಲಿ ಹೂತುಹೋದ ಉಂಗುರ. "ಮುಂದುಗಡೆಗೇ ಇಟ್ಟಿದಾನೆ ನೋಡು, ಎರಡು ರೊಟ್ಟಿ ಹಂಗೆ. ಥೇಟ್ ಇವೇ. ನಿಮ್ಮಪ್ಪ ಇದ್ದಿದ್ರೆ ಮುಖ ಮುಚ್ಚಿದ್ರೂ ಗುರುತು ಹಿಡೀತಿದ್ದ. ಇಷ್ಟು ಚಂದ ಇದಾವೆ ಅಂತ ನಂಗೇ ಗೊತ್ತಿರ್ಲಿಲ್ಲ ಕಣೇ."

ವಿನಿಫ್ರೆಡ್ ಆಗ ಏನು ಮಾಡಿದಳು? ತಟ್ಟೆ ಎತ್ತಿಕೊಂಡು ನಲ್ಲಿಯ ಕಡೆ ನಡೆದಳು. ಅಮ್ಮ ಬಂದು ಅದನ್ನು ಕಿತ್ತುಕೊಂಡಳು, ಯಾವಾಗಿನ ಹಾಗೆ. ಈ ಮನೆಯಲ್ಲಿ ವಿನಿಫ್ರೆಡ್ ತಟ್ಟೆ ತೊಳೆದವಳಲ್ಲ, ನೆಲ ಮುಟ್ಟಿದವಳಲ್ಲ. ಹತ್ತು ವರ್ಷದವಳಿದ್ದಾಗ ಒಂದು ಸಲ ಅಮ್ಮನ ಬ್ರಷ್ ಹಿಡಿದದ್ದಕ್ಕೆ ಬೆನ್ನಿಗೆ ಗುದ್ದು ಬಿದ್ದಿತ್ತು. ಪೆನ್ ಹಿಡಿಯೋ ಕೈ ಅದು, ಇಡು ಕೆಳಗೆ. ಚಳಿಗಾಲದಲ್ಲಿ ಮಲಗುವ ಮುಂಚೆ ಬಾತುಕೋಳಿಯ ಕೊಬ್ಬು ಸವರಿ ಹತ್ತಿಯ ಕೈಗವಸು ತೊಡಿಸುತ್ತಿದ್ದಳು. ಸವರುವ ಅಮ್ಮನ ಬೆರಳುಗಳು ಉಪ್ಪುಕಾಗದದ ಹಾಗೆ ಉಜ್ಜಿ ನೋಯುತ್ತಿದ್ದವು, ಮಗು ಕೈ ಎಳೆದುಕೊಂಡು ಅಳುತ್ತಿತ್ತು. ಅದಕ್ಕೇ ಅಮ್ಮ ಆಮೇಲೆ ಚಿಂದಿ ಬಟ್ಟೆಯಲ್ಲಿ ಕೊಬ್ಬನ್ನು ಅದ್ದಿ ಸವರತೊಡಗಿದಳು. ಇದು ಇಷ್ಟು ವರ್ಷ ನೆನಪಿಗೇ ಬಂದಿರಲಿಲ್ಲ. ಶಾಲೆಗೆ ಟೀಚರಾಗಿ ಸೇರಿದ ವರ್ಷ ಮುಖ್ಯೋಪಾಧ್ಯಾಯಿನಿ ಮಿಸ್ ಲಾಥ್ರಪ್ ಅವಳ ಕೈಯನ್ನು ತನ್ನ ಕೈಗೆತ್ತಿಕೊಂಡು, "ನಿಮ್ಮ ಜನದಲ್ಲಿ ಇಂಥ ಕೈ ಅಪರೂಪ ಮಿಸ್ ಡಿವೇನಿ. ತಾಯಿಯವರು ಏನು ಮಾಡ್ತಾರೆ?" ಎಂದು ಕೇಳಿದ್ದರು. ಚಹದ ಬಟ್ಟಲು ಹಿಡಿದಿದ್ದ ಆರು ಜನ ಟೀಚರುಗಳು ಇತ್ತ ತಿರುಗಿದ್ದರು. ಮನೇಲೇ ಲೇಸ್ ಹೆಣೀತಾರೆ ಎಂದು ಬಾಯಿಂದ ಬಂದುಬಿಟ್ಟಿತು. ಯಾಕೆ ಲೇಸ್? ಗೊತ್ತಿಲ್ಲ, ಮೇಜಿನ ಮೇಲೆ ಹಾಸಿದ್ದದ್ದು ಲೇಸ್ ಇರಬೇಕು. ಆಮೇಲೆ ಎರಡು ವರ್ಷದಿಂದ ಆ ಲೇಸನ್ನು ಹೆಣೆಯುತ್ತಲೇ ಬಂದಿದ್ದಾಳೆ: ಈ ಚಳಿಗಾಲ ಅಮ್ಮನ ಕಣ್ಣು ಅಷ್ಟು ಚೆನ್ನಾಗಿಲ್ಲ, ಈಗ ಹೆಚ್ಚು ಹೆಣೆಯೋದಿಲ್ಲ, ಹೀಗೆ. ತನ್ನ ಆ ಅಪರೂಪದ ಕೈಗಳಿಂದಲೇ ಅವಳು ದಿನಾ ಬೆಳಿಗ್ಗೆ ಮೂವತ್ತೆಂಟು ಮಕ್ಕಳ ಕೈ ಪರೀಕ್ಷಿಸುತ್ತಾಳೆ. ಚಾಚಿ. ತಿರುಗಿಸಿ. ಉಗುರು. ರೊಸೀನಾ ಎಂಬ ಹುಡುಗಿಯ ಬೆರಳ ತುದಿಗಳು ಯಾವಾಗಲೂ ನೇರಳೆ ಬಣ್ಣ. ಮನೆಯಲ್ಲಿ ಎಲ್ಲರೂ ಕೂತು ಟೋಪಿಗಳಿಗೆ ಕಾಗದದ ಹೂ ಕಟ್ಟುತ್ತಾರಂತೆ. ಹೋದ ತಿಂಗಳು ಮಿಸ್ ಲಾಥ್ರಪ್ ತರಗತಿಯಲ್ಲಿ ಕೂತಿದ್ದಾಗ ವಿನಿಫ್ರೆಡ್ ಅವಳನ್ನು ಮೂರು ಸಲ ನಲ್ಲಿಗೆ ಕಳಿಸಿದಳು. ಮೂರನೇ ಸಲ ಬಂದಾಗ ಬೆರಳುಗಳು ನೇರಳೆಯೂ ಅಲ್ಲ, ಚರ್ಮವೂ ಅಲ್ಲ. ಕಲ್ಲಿಗೆ ಉಜ್ಜಿಕೊಂಡು ಬಂದಿದ್ದಳು. "ಇದು ಹೋಗಲ್ಲ ಟೀಚರ್," ಎಂದು ಅಷ್ಟೇ ಹೇಳಿ ಹೋಗಿ ಕೂತಳು.

"ಟೀಚರಮ್ಮಾ! ಒಳಗಿದೀಯಾ?"

ವಿನಿಫ್ರೆಡ್ ಬೆಚ್ಚಿದಳು. ಕೆಳಗಿನ ಮನೆಯ ಮಿಸೆಸ್ ಟಿಯರ್ನಿ. ಬಾಗಿಲು ತಟ್ಟುವ ಅಭ್ಯಾಸ ಅವಳಿಗಿಲ್ಲ. ಒಂದು ಕೈಯಲ್ಲಿ ಹಸಿರು ರಿಬ್ಬನ್ ಜೋತಾಡುತ್ತಿತ್ತು.

"ಇದು ನನ್ನ ಕಂದು ಟೋಪಿಗೆ ಹೊಂದತ್ತಾ ನೋಡಿ ಹೇಳು. ಓದಿದೋಳು ನೀನು, ನಿಂಗೆ ಗೊತ್ತಾಗತ್ತೆ. ಮುಂದಿನ ಭಾನುವಾರ ಪೂಜೆ ಮುಗಿಸ್ಕೊಂಡು ಹಂಗೇ ಹೋಗ್ಬಿಡೋದು ಅಂತ ಮಾತಾಗಿದೆ. ನಾನು, ಎರಡನೇ ಮಹಡಿಯೋರು ಇಬ್ರು, ನಮ್ಮತ್ತೇನೂ ಬರ್ತೀನಿ ಅಂತಾಳೆ, ಕಣ್ಣು ಕಾಣಲ್ಲ ಏನಿಲ್ಲ."

"ಎಲ್ಲಿಗೆ?"

"ಅಯ್ಯೋ, ಎಲ್ಲಿಗೆ ಅಂತೆ! ನಿಮ್ಮಮ್ಮನ್ನ ಗೋಡೆಗೆ ಹಾಕ್ತಾರಲ್ಲ ಅಲ್ಲಿಗೆ. ಇಡೀ ಮೆಟ್ಟಿಲಿಗೇ ಗೊತ್ತು, ನಿಂಗೊತ್ತಿಲ್ವಾ? ಶ್ರೀಮಂತರ ಹೆಂಡ್ತೀರೆಲ್ಲ ಕನ್ನಡಕ ಹಾಕ್ಕೊಂಡು ನೋರಾನ ಮೂಗು ನೋಡ್ತಾರೆ. ನಾನು ಪಕ್ಕದಲ್ಲಿ ನಿಂತ್ಕೊಂಡು ಹೇಳ್ತೀನಿ, ಅಮ್ಮಾವ್ರೇ, ಈ ರಾಣಿ ನಮ್ಮನೆ ಮೇಲಿನ ಮನೇಲೇ ಇರೋದು, ನನ್ನ ಸಾಣಿಗೆ ತಗೊಂಡೋಗಿ ಇನ್ನೂ ವಾಪಸ್ ಕೊಟ್ಟಿಲ್ಲ ಅಂತ." ಮಿಸೆಸ್ ಟಿಯರ್ನಿ ತನ್ನ ಮಾತಿಗೆ ತಾನೇ ಹೊಟ್ಟೆ ಹಿಡಿದು ನಕ್ಕಳು. ಆಮೇಲೆ ವಿನಿಫ್ರೆಡ್‌ಳ ಮುಖ ನೋಡಿದಳು. "ಏನಮ್ಮ, ಹುಷಾರಿಲ್ವಾ? ಬಿಳಿಚ್ಕೊಂಡಿದೀಯ."

"ಹೊಂದತ್ತೆ," ಅಂದಳು ವಿನಿಫ್ರೆಡ್. "ರಿಬ್ಬನ್. ಚೆನ್ನಾಗಿ ಹೊಂದತ್ತೆ."

ಮಿಸೆಸ್ ಟಿಯರ್ನಿ ಇಳಿದು ಹೋದ ಮೇಲೂ ಆ ಹಸಿರು ಕಣ್ಣಿನಲ್ಲಿ ಉಳಿಯಿತು. ಬುಧವಾರ ಮಿಸ್ ಲಾಥ್ರಪ್ ನೋಟೀಸ್ ಹಲಗೆಗೆ ಚೀಟಿ ಸಿಕ್ಕಿಸಿದ್ದರು: ಅದೇ ವಸಂತದ ಚಿತ್ರ ಪ್ರದರ್ಶನಕ್ಕೆ ಶಾಲೆಯ ಎಲ್ಲ ಟೀಚರುಗಳೂ ಒಟ್ಟಿಗೆ ಹೋಗುವುದು. ಮುಂದಿನ ಭಾನುವಾರ. ಅಂದರೆ ಒಂದು ಕಡೆಯಿಂದ ಹಸಿರು ರಿಬ್ಬನ್ನು, ಇನ್ನೊಂದು ಕಡೆಯಿಂದ ಮಿಸ್ ಲಾಥ್ರಪ್, ನಡುವೆ ಗೋಡೆಯ ಮೇಲೆ ಅಮ್ಮನ ಕೈ. ಬುಧವಾರ ರಾತ್ರಿಯೇ ಅವಳು ಹಾಸಿಗೆಯಲ್ಲಿ ಲೆಕ್ಕ ಹಾಕಿದಳು, ನಿಜವಾಗಿ ಗಣಿತದ ಲೆಕ್ಕ ಬಿಡಿಸುವ ಹಾಗೆ. ಮುಖದಿಂದ ಏನೂ ತಿಳಿಯುವುದಿಲ್ಲ. ಕರಿ ಉಡುಪು ಒಳ್ಳೆಯದೇ. ಕೈಗಳು ಕಾಣದಿದ್ದರೆ ಅವಳು ಯಾರಾದರೂ ಆಗಬಹುದು, ಲೇಸ್ ಹೆಣೆಯುವ ವಿಧವೆಯೂ ಆಗಬಹುದು. ಆಗ ಚಿತ್ರದ ಎದುರು ನಿಂತು ಹೌದು, ಇವರು ನಮ್ಮ ತಾಯಿ ಎನ್ನಬಹುದು. ಹೆಮ್ಮೆಯಿಂದಲೇ ಎನ್ನಬಹುದು. ಕೈ ಮಾತ್ರ. ಎಷ್ಟು ಸಣ್ಣ ವಿಷಯ. ಅಮ್ಮ ಪಕ್ಕದಲ್ಲಿ ಗೊರಕೆ ಹೊಡೆಯುತ್ತಿದ್ದಳು, ಒಂದು ಕೈ ನಿದ್ದೆಯಲ್ಲಿ ವಿನಿಫ್ರೆಡ್‌ಳ ಹೊದಿಕೆಯ ಮೇಲೆ ಬಿದ್ದಿತ್ತು, ಭಾರವಾಗಿ, ಬಿಸಿಯಾಗಿ.

ಗುರುವಾರ ಶಾಲೆ ಬಿಟ್ಟ ಕೂಡಲೇ ಹೋದಳು. ಮೆಟ್ಟಿಲು ಹತ್ತುವಾಗ ಅವು ಅಮ್ಮ ಉಜ್ಜಿದ ಮೆಟ್ಟಿಲುಗಳೆಂದು ನೆನಪಾಗಿ, ಯಾಕೋ ತುದಿಗಾಲಲ್ಲಿ ಹತ್ತಿದಳು. ಹಾಲ್‌ಸ್ಟೆಡ್ ಎತ್ತರದ, ಸ್ವಲ್ಪ ಬಾಗಿದ ಮನುಷ್ಯ, ಅಂಗಿಯ ತೋಳು ಮಡಿಚಿದ್ದ. ಅವನ ಕೈಯೂ ಕೊಳಕಾಗಿತ್ತು.

"ಮಿಸ್ ಡಿವೇನಿ ಅಲ್ವಾ? ಹುಬ್ಬು ನೋಡಿದ್ರೇ ಗೊತ್ತಾಗತ್ತೆ. ಬನ್ನಿ ಬನ್ನಿ, ನಿಮ್ಮ ತಾಯಿ ಇಲ್ಲೇ ಕೂತಿದಾರೆ," ಎಂದು ನಗುತ್ತ ಚಿತ್ರವನ್ನು ಬೆಳಕಿಗೆ ತಿರುಗಿಸಿದ.

ಕತ್ತಲೆಯಿಂದ ಅಮ್ಮ ಮುಂದಕ್ಕೆ ಬಾಗಿದ್ದಳು. ಏನೋ ತಮಾಷೆ ಹೇಳಲು ಹೊರಟು, ಹೇಳಲೋ ಬೇಡವೋ ಎಂದು ತಡೆದ ಬಾಯಿ. ಕೈಗಳು ಮಂಡಿಯ ಮೇಲೆ, ಎಲ್ಲಕ್ಕಿಂತ ಮುಂದೆ, ಎಲ್ಲಕ್ಕಿಂತ ದೊಡ್ಡದಾಗಿ. ಕೆಂಪು, ಕೆಂಪಿನಲ್ಲಿ ಅಲ್ಲಲ್ಲಿ ನೀಲಿ, ಒಂದೊಂದು ಗೆಣ್ಣಿಗೆ ಬ್ರಷ್ಷಿನ ಒಂದೊಂದೇ ಎಳೆತ. ನೀರಿನಿಂದ ಆಗತಾನೇ ಎತ್ತಿದ ಹಾಗೆ ಹೊಳೆಯುತ್ತಿದ್ದವು, ಬಣ್ಣ ಇನ್ನೂ ಹಸಿ. ವಿನಿಫ್ರೆಡ್‌ಗೆ ಒಂದು ಕ್ಷಣ ಅವುಗಳನ್ನು ಮುಟ್ಟಬೇಕೆನಿಸಿತು. ಅದು ನಾಚಿಕೆಯಾಗಿರಲಿಲ್ಲ. ಆ ಒಂದು ಕ್ಷಣ ಅದು ಏನಾಗಿತ್ತು ಎಂದು ಆಮೇಲೆ ಎರಡು ದಿನ ಯೋಚಿಸಿದ್ದಾಳೆ. ಅದಕ್ಕೆ ಹೆಸರು ಸಿಗುವ ಮುಂಚೆಯೇ ಮಿಸ್ ಲಾಥ್ರಪ್ ತಲೆಯೊಳಗೆ ಬಟ್ಟಲು ಹಿಡಿದು ನಿಂತಿದ್ದರು.

"ಇದಕ್ಕೆ... ಏನಂತ ಹೆಸರಿಡ್ತೀರಿ?"

"ಮಿಸೆಸ್ ಹೊನೋರಾ ಡಿವೇನಿ ಅಂತ. ಬೇರೆಯೋರಾಗಿದ್ರೆ ನೆಲ ಉಜ್ಜುವ ಹೆಂಗಸು ಅಂತ ಇಡ್ತಾರೆ. ಅವ್ರಿಗೊಂದು ಹೆಸರಿದೆಯಲ್ಲ."

"ಕೈ ಮಾತ್ರ ಸ್ವಲ್ಪ..."

"ಕೈ?"

"ಕೈ ಮಾತ್ರ ಏಪ್ರನ್ ಕೆಳಗೆ ಇಟ್ಕೊಂಡಿರೋ ಹಾಗೆ ಮಾಡೋಕಾಗಲ್ವಾ? ಸ್ವಲ್ಪ ಬಿಳಿ ಬಣ್ಣ ಹಚ್ಚಿದ್ರೆ ಸಾಕಲ್ವಾ?"

ಹಾಲ್‌ಸ್ಟೆಡ್ ಅವಳನ್ನು ನೋಡಿದ. ಅಮ್ಮ ಹೇಳಿದ್ದು ನಿಜ, ಕಟುಕನ ಹಾಗೇ ನೋಡುತ್ತಾನೆ. "ಇದು ನಿಮಗೆ ಬೇಡವೋ, ಅವ್ರಿಗೆ ಬೇಡವೋ?"

ಆಗ ಅವಳು ಹೇಳಿದಳು. ಸಲೀಸಾಗಿ, ಲೇಸಿನ ಹಾಗೆ. "ಅಮ್ಮನಿಗೇ. ನಿಮ್ಮೆದುರು ಹೇಳೋಕೆ ಸಂಕೋಚ ಅವಳಿಗೆ. ಮನೇಲಿ ಬಂದು ಅತ್ಲು. ನನ್ನ ಕಳಿಸಿದ್ಲು."

ಅವನಿಗೆ ಸಿಟ್ಟು ಬರಬಹುದೆಂದು ಅವಳು ತಯಾರಾಗಿ ಬಂದಿದ್ದಳು. ಬರಲಿಲ್ಲ. ಅವನ ಕಿವಿ ಕೆಂಪಾಯಿತು. "ನಗ್ತಾ ಇದ್ರು," ಅಂದ. "ನಾನು ಖುಷಿ ಅಂದ್ಕೊಂಡೆ." ಕೋಣೆಯಲ್ಲಿ ಎರಡು ಹೆಜ್ಜೆ ಹಾಕಿ ತಿರುಗಿ ಬಂದ. "ಕೈ ಮಾತ್ರ ಮುಚ್ಚೋದು ನನಗೆ ಬರಲ್ಲ ಮಿಸ್ ಡಿವೇನಿ. ಆ ಕೈ ಹಾಗಿರೋದಕ್ಕೇ ಮುಖ ಹೀಗಿದೆ. ಒಂದು ಕಡೆ ಸುಳ್ಳು ಹಚ್ಚಿದ್ರೆ ಪೂರ್ತಿ ಸುಳ್ಳು. ಆದ್ರೆ ಮುಖ ಅವರದು. ಅವ್ರಿಗೆ ನೋವಾಗೋ ಹಾಗೆ ಗೋಡೆಗೆ ಹಾಕೋ ಹಕ್ಕು ನಂಗಿಲ್ಲ." ಬಣ್ಣ ಕಲಸುವ ಚಪ್ಪಟೆ ಚಾಕು ತೆಗೆದುಕೊಂಡ. ಅವನು ಏನು ಮಾಡಲಿದ್ದಾನೆಂದು ಅವಳಿಗೆ ಅರ್ಥವಾಗಲಿಲ್ಲ. ಅರ್ಥವಾಯಿತು, ಚಾಕು ಚಿತ್ರದ ಕೂದಲಿನ ಮೇಲೆ ಇಳಿದಾಗ. ಬೇಡ ಎಂಬ ಮಾತು ನಾಲಗೆಯ ಮೇಲೆಯೇ ಇತ್ತು. ಬೇಡ ಎಂದರೆ ಯಾಕೆ ಎನ್ನುತ್ತಾನೆ; ಯಾಕೆ ಎಂದರೆ ಹೇಳಿದ್ದು ಸುಳ್ಳು ಎನ್ನಬೇಕು. ತಳ ಹಿಡಿದ ಗಂಜಿಯನ್ನು ಕೆರೆಯುವಂಥ ಸದ್ದು. ಹಣೆ ಹೋಯಿತು, ಕಣ್ಣು ಹೋಯಿತು, ತಮಾಷೆ ಹೇಳಲಿದ್ದ ಬಾಯಿ ಹೋಯಿತು. ಕೈಗಳು ಕೊನೆಯಲ್ಲಿ ಹೋದವು. ಪ್ರತಿ ಸಲವೂ ಚಾಕುವನ್ನು ಒದರುತ್ತಿದ್ದ, ಬಣ್ಣದ ಮುದ್ದೆ ನೆಲಕ್ಕೆ ಬೀಳುತ್ತಿತ್ತು. "ಕ್ಷಮಿಸಿ ಅಂತ ಹೇಳಿ ಅವ್ರಿಗೆ," ಅಂದ ಅವನು, ಇವಳ ಕಡೆ ನೋಡದೆ. "ಶನಿವಾರ ನಾನೇ ಹೇಳ್ತೀನಿ." ಅವಳು ಥ್ಯಾಂಕ್ಸ್ ಎಂದಳು. ಇದರಲ್ಲಿ ಬೇರೆಲ್ಲವನ್ನೂ ಹೇಗಾದರೂ ಸಹಿಸಬಹುದು, ಆ ಥ್ಯಾಂಕ್ಸ್ ಅನ್ನು ಸಹಿಸಲಾಗುವುದಿಲ್ಲ.

ಕೆಳಗೆ ಬೀದಿ ಬಾಗಿಲಿನ ಸದ್ದು. ಬಕೆಟ್ಟಿನ ಹಿಡಿ ಕಿರುಗುಟ್ಟಿತು. ಮೆಟ್ಟಿಲ ಮೇಲೆ ಅಮ್ಮನ ಹೆಜ್ಜೆ, ಎರಡನೇ ಮಹಡಿಯಲ್ಲಿ ಎಂದಿನಂತೆ ಒಂದು ನಿಲುಗಡೆ. ಅಲ್ಲಿಗೆ ಮಿಸೆಸ್ ಟಿಯರ್ನಿಯ ದನಿ ಹಾರಿ ಬಂತು.

"ಏನೇ ನೋರಾ, ರಾಣಿಯಮ್ಮ! ರಿಬ್ಬನ್ ತಂದಾಯ್ತು ನೋಡು. ಭಾನುವಾರ ಎಷ್ಟೊತ್ತಿಗೆ?"

ವಿನಿಫ್ರೆಡ್ ಎದ್ದು ಬಾಗಿಲ ಹಿಂದೆ ನಿಂತಳು. ಪೆನ್ನು ಕೈಯಲ್ಲೇ ಇತ್ತು. ಅಮ್ಮ ಹೇಳಿಬಿಡುತ್ತಾಳೆ. ಹೇಳಲಿ. ಇಡೀ ಮೆಟ್ಟಿಲಿಗೆ ಕೇಳುವ ಹಾಗೆ ಹೇಳಿ, ಮೇಲೆ ಬಂದು ಕೆನ್ನೆಗೆ ಬಾರಿಸಲಿ.

"ಭಾನುವಾರ ಇಲ್ಲ ಕಣೇ," ಅಂದಳು ಅಮ್ಮ. "ಚಿತ್ರ ಕೆಟ್ಟೋಯ್ತು."

"ಕೆಟ್ಟೋಯ್ತಾ? ಹೆಂಗೇ?"

"ನಾನು ಅಲ್ಲಾಡ್ಬಿಟ್ಟೆ. ಕೂರೋದು ಅಂದ್ರೆ ನಮ್ಮಂಥೋರಿಗೆ ಬರತ್ತಾ? ಮೂಗು ಕೆರ್ಕೊಂಡೆ, ಆಕಳಿಸ್ದೆ. ಅವ್ನೇನ್ ಮಾಡ್ತಾನೆ ಪಾಪ, ಅಳಿಸಾಕ್ದ."

"ಅಯ್ಯೋ ನಿನ್ನ! ಒಂದು ಕಡೆ ನೆಟ್ಟಗೆ ಕೂತ್ಕೊಳೋ ಜಲ್ಮಾನಾ ನಿಂದು? ನನ್ನ ರಿಬ್ಬನ್ ಗತಿ?"

"ಈಸ್ಟರಿಗೆ ಹಾಕ್ಕೋ."

ಇಬ್ಬರೂ ನಕ್ಕರು. ಮಿಸೆಸ್ ಟಿಯರ್ನಿಯ ನಗು ಜೋರಾಗಿತ್ತು, ಅಮ್ಮನದು ಬೇಗ ಮುಗಿಯಿತು. ವಿನಿಫ್ರೆಡ್ ಓಡಿ ಬಂದು ಕುರ್ಚಿಯಲ್ಲಿ ಕೂತು, ಹಕ್ಕಿಗಳ ಪುಟದ ಮೇಲೆ ಒಣ ಪೆನ್ನನ್ನು ಆಡಿಸತೊಡಗಿದಳು.

ಅಮ್ಮ ಒಳಗೆ ಬಂದು ಬಕೆಟ್ ಮೂಲೆಗಿಟ್ಟಳು. ಟೋಪಿ ತೆಗೆದಳು. ಚಹಕ್ಕೆ ನೀರಿಟ್ಟಳು. ವಿನಿಫ್ರೆಡ್ ತಲೆಯೆತ್ತದೆ ಒಂದೊಂದು ಸದ್ದನ್ನೂ ಕೇಳಿಸಿಕೊಂಡಳು. ಯಾವುದರಲ್ಲೂ ಸಿಟ್ಟಿರಲಿಲ್ಲ, ಸಿಟ್ಟಿದ್ದರೆ ಪಾತ್ರೆ ಹೇಳುತ್ತಿತ್ತು. ಆಮೇಲೆ ಅಮ್ಮ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಳು. ಸೋಡಾದ ವಾಸನೆಯ ಮೇಲೆ ಇನ್ನೊಂದು ವಾಸನೆಯಿತ್ತು, ಎಣ್ಣೆಯದು, ಟರ್ಪೆಂಟೈನಿನದು.

"ನೆಲಕ್ಕೆ ಅಂಟ್ಕೊಂಡ್ಬಿಟ್ಟಿತ್ತು," ಅಂದಳು ಅಮ್ಮ. "ಆ ಬಣ್ಣ. ಎರಡು ದಿನ ತುಳಿದಾಡಿದಾನಲ್ಲ. ಬ್ರಷ್ಷಿಗೆ ಬರ್ಲಿಲ್ಲ, ಚಾಕು ಇಸ್ಕೊಂಡು ಕೆರೆದೆ. ನಾನ್ ಮಾಡ್ತೀನಿ ಬಿಡಿ ಅಂದ ಅವ್ನು. ನಿಮ್ಮ ಕೈಲಿ ನೆಲ ಸರಿಯಾಗಿ ಆಗಲ್ಲ ಬಿಡಿ ಅಂದೆ."

"ಅಮ್ಮ."

"ಪಾಪ, ಕ್ಷಮಿಸಿ ಅಂದ ಕಣೇ ನಂಗೆ. ಅಷ್ಟು ದೊಡ್ಡ ಗಂಡಸು. ನೀವು ಮಗಳನ್ನ ಕಳಿಸಿದ್ರಲ್ಲ, ನೇರವಾಗೇ ಹೇಳ್ಬಹುದಿತ್ತು, ನಾನೇನ್ ತಿಳ್ಕೊಳ್ತಿರ್ಲಿಲ್ಲ ಅಂದ."

ರೈಲು ಬಂತು. ಬಸಿಗಳು ಅಲುಗಿದವು. ಅದು ಹೋಗುವವರೆಗೆ ಇಬ್ಬರೂ ಕಾದರು.

"ನೀನೇನಂದೆ?"

"ಹೌದು ಸಾರ್, ನಾನೇ ಕಳಿಸಿದ್ದು ಅಂದೆ." ಅಮ್ಮ ಕಿಟಕಿಯ ಕಡೆ ತಿರುಗಿದಳು. "ಇನ್ನೇನನ್ನಲಿ? ಟೀಚರಮ್ಮ ಸುಳ್ಳು ಹೇಳಿದ್ಲು ಅನ್ನಲಾ?"

ಮಧ್ಯಾಹ್ನದ ಬೆಳಕು ಅವಳ ಮುಖದ ಒಂದು ಪಕ್ಕಕ್ಕೆ ಬಿದ್ದಿತ್ತು. ಹಿಂದೆ ಮೂಲೆಯ ಕತ್ತಲೆ. ಏನೋ ಹೇಳಲು ಹೊರಟ ಬಾಯಿ. ಆಗ ವಿನಿಫ್ರೆಡ್ ಕಂಡಳು. ಅಮ್ಮ ತನ್ನೆರಡು ಕೈಗಳನ್ನು ಏಪ್ರನ್ನಿನ ಕೆಳಗೆ ಇಟ್ಟುಕೊಂಡು ಕೂತಿದ್ದಳು. ಬಟ್ಟೆಯ ಅಂಚಿನಲ್ಲಿ ಒಂದು ಉಗುರಿನಷ್ಟು ಕೆಂಪು ಬಣ್ಣ ಹತ್ತಿತ್ತು. ಅಮ್ಮ ಯಾವತ್ತೂ ಹಾಗೆ ಕೂತವಳಲ್ಲ. ಹಿಟ್ಟು ನಾದುವಾಗ, ಜಪಮಾಲೆ ಹಿಡಿದಾಗ, ಅಪ್ಪನ ಹೆಣದ ಪಕ್ಕದಲ್ಲಿ ಕೂಡ ಅವಳ ಕೈಗಳು ಎಲ್ಲರಿಗಿಂತ ಮುಂದೆ ಇರುತ್ತಿದ್ದವು.

"ಸೀಮೆಎಣ್ಣೆ ಹಾಕಿದ್ರೆ ಹೋಗತ್ತೆ ಅದು," ಅಂದಳು ವಿನಿಫ್ರೆಡ್. ದನಿ ಯಾರದೋ ಆಗಿತ್ತು. "ಕೊಡು ಇಲ್ಲಿ. ನಾನು ಒರೆಸ್ತೀನಿ."

"ಬೇಡ ಬೇಡ. ನಿನ್ನ ಕೈಗೆ ವಾಸನೆ ಹತ್ತಿಬಿಡತ್ತೆ. ಸೋಮವಾರ ಮಕ್ಕಳ ಮುಂದೆ ನಿಂತ್ಕೋಬೇಕು ನೀನು."

ನೀರು ಕುದಿಯುತ್ತಿತ್ತು. ಅಮ್ಮ ಏಳಲಿಲ್ಲ. "ಇವತ್ತು ನೀನೇ ಹಾಕು," ಅಂದಳು.

ವಿನಿಫ್ರೆಡ್ ಎದ್ದಳು. ಚಹದ ಡಬ್ಬಿ ಎಲ್ಲಿದೆಯೆಂದು ಒಂದು ನಿಮಿಷ ಹುಡುಕಬೇಕಾಯಿತು. ಬಟ್ಟಲಿಗೆ ಸುರಿದಳು, ಅಮ್ಮನಿಗೆ ಬೇಕಾದ ಹಾಗೆ ಕಪ್ಪಗೆ, ಮೂರು ಚಮಚ ಸಕ್ಕರೆ. ತಂದು ಕಿಟಕಿಯ ಕಟ್ಟೆಯ ಮೇಲೆ, ಕೈಗೆಟುಕುವಲ್ಲಿ ಇಟ್ಟಳು. ಅಮ್ಮ ಅದನ್ನು ನೋಡಿ ತಲೆಯಾಡಿಸಿದಳು. ಹಬೆ ಏಳುತ್ತಿತ್ತು. ವಿನಿಫ್ರೆಡ್ ಅಲ್ಲೇ ನೆಲದ ಮೇಲೆ ಮೊಣಕಾಲೂರಿ ಕೂತು, ಕೈಗಳು ಹೊರಗೆ ಬರಲೆಂದು ಕಾದಳು. ಹಬೆ ತೆಳುವಾಯಿತು. ಇನ್ನೊಂದು ರೈಲು ಹೋಯಿತು, ಚಹದ ಮೇಲೆ ಸಣ್ಣ ಉಂಗುರಗಳೆದ್ದು ಅಡಗಿದವು. ಅವಳು ಕಾದಳು.